ಮನೆಯಲ್ಲಿರಬೇಕಾದ ತುಂಡು

ಹಸಿರು, ಅಲ್ಲ, ಹಾಲು ಬೆರೆಸಿದಂಥ ಹಸಿರು, ಅದರಾಚೆ ಕಂದು, ಅಪ್ಪ ಹೇಳಿಕೊಟ್ಟದ್ದು ಹಾಗೆ, ಹಾಲುಹಸಿರು ಮರಳು, ಕಂದು ಹವಳದ ಕಲ್ಲು, ಕಡುನೀಲಿ ಒಂದೇ ದಾರಿ — ಆದರೆ ಬೆಳಗಿನ ಬಿಸಿಲು ಎದುರಿಗೇ ಬಂದು ಕುಕ್ಕುವಾಗ ನೀರೆಲ್ಲ ಒಂದೇ ತಗಡು, ಬಸ್ಸೆ ಹಣೆಗೆ ಕೈ ಅಡ್ಡ ಹಿಡಿದಳು, ಇನ್ನೊಂದು ಕೈ ಮಡಿಲ ಗಂಟಿನ ಮೇಲೆ, ಗಂಟಿನೊಳಗೆ ಗೇಣುದ್ದದ ಮರದ ತುಂಡು, ಹಾಯಿಕಂಬದ ಬುಡ ಬಿಟ್ಟು ಏಳಬಾರದು, ಚುಕ್ಕಾಣಿಯ ಹತ್ತಿರ ಸುಳಿಯಲೇಬಾರದು, ಸೀಲಾ ಮಾವನ ಅಪ್ಪಣೆ, ಸತ್ತ ಅಮ್ಮನ ಅಣ್ಣ, ಹಡಗಿನ ಆಳುಗಳಿಗೆಲ್ಲ ಹಿರಿಯ, ಅವನ ಮಗನಿಗೇ ಇವಳನ್ನು ಕೊಡುವ ಮಾತು, ಆ ಮಗನೋ ದೋಣಿ ಅಲುಗಿದರೆ ವಾಂತಿ ಮಾಡುವವನು, ಅವನು ದಡದಲ್ಲಿ ಅಕ್ಕಿ ಅಳೆಯುತ್ತಾನೆ, ಅದಕ್ಕೆ ಯಾರೂ ನಗುವುದಿಲ್ಲ, ಅವಳು ಹಡಗು ಹತ್ತಿದರೆ ಮಾತ್ರ ಕಡಲು ಮುನಿಯುತ್ತದಂತೆ. ಮೂರು ದಿನ ಮಡಿಸಿಟ್ಟ ಹಾಯಿಗಳ ಕೆಳಗೆ ಅವಳೂ ಗೆಳತಿ ಬುಂಗಾಳೂ ಒಣಮೀನು ಅಗಿಯುತ್ತ ಉಸಿರು ಬಿಗಿಹಿಡಿದಿದ್ದರು, ಪಡುವಣ ಗಾಳಿ ಬೆನ್ನಿಗೆ ಬಿದ್ದ ಮೇಲೆ ಹಡಗು ಬೀರಾ ಊರಿಗೆ ತಿರುಗುವ ಹಾಗಿಲ್ಲ ಎಂದು ಗೊತ್ತಿದ್ದೇ ನಾಲ್ಕನೆಯ ಬೆಳಿಗ್ಗೆ ಹೊರಗೆ ಬಂದರು, ಗಂಡಸರೆಲ್ಲ ದೆವ್ವ ಕಂಡವರ ಹಾಗೆ ನಿಂತರು, ಬುಂಗಾ ನೇಕಾರ್ತಿಯ ಮಗಳು, ಬಾಯಿಗೆ ಬೀಗವಿಲ್ಲ, ಈ ಹಾಯಿ ನೇಯ್ದಿದ್ದು ನಾನೇ, ನಾನು ನೇಯ್ದಿದ್ರ ಕೆಳಗೆ ನಾನು ಮಲಗಿದ್ರೆ ನಿಮಗೇನು ಕಷ್ಟ ಅಂದಳು, ಆಳುಗಳಲ್ಲಿ ಇಬ್ಬರು ನಕ್ಕೂ ನಕ್ಕರು, ಆಮೇಲೆ ಬಸ್ಸೆಯ ಗಂಟು ಬಿಚ್ಚಿತು, ತುಂಡು ಕಂಡಿತು, ಬಿಳಿಯ ಕೊಯ್ದ ಮುಖ, ನಗು ನಿಂತಿತು. ಈ ಹಡಗಿನ ತಳದುದ್ದಕ್ಕೂ ಇರುವ ಬೆನ್ನುಮರ ಕೊಯ್ದ ದಿನ ಬಡಗಿಯಜ್ಜ ಬಿಸ್ಮಿಲ್ಲಾ ಅಂದು ಗರಗಸ ಇಟ್ಟ, ಒಮ್ಮೆ ಮರಕ್ಕೆ ಇಟ್ಟ ಗರಗಸ ತುಂಡಾಗುವ ತನಕ ತೆಗೆಯಬಾರದು, ನಿಲ್ಲಿಸಬಾರದು, ಬೆವರು ಕಣ್ಣಿಗಿಳಿದರೂ ಒರೆಸಬಾರದು, ಮುಂದಿನ ತುದಿಯ ತುಂಡನ್ನು ನೆಲಕ್ಕೆ ತಾಗಿಸದೆ ಓಡಿ ಕಡಲಿಗೆ ಎಸೆದರು, ಅದು ಹೊರಟು ಹೋಗುವ ಗಂಡು, ಹಿಂದಿನ ತುದಿಯದು ಕಾಯುವ ಹೆಣ್ಣು, ಹಡಗಿನ ಯಜಮಾನನ ಹೆಂಡತಿಗೆ ಸೇರುವುದು, ಅಮ್ಮನಿಲ್ಲದ ಮನೆ, ಹಾಗಾಗಿ ಅದು ಹತ್ತೊಂಬತ್ತರ ಬಸ್ಸೆಯ ಮಡಿಲಿಗೆ ಬಿತ್ತು, ಇನ್ನೂ ಹಸಿ, ಬಿಳಿ, ಇದು ಮನೇಲಿದ್ರೆ ಹಡಗು ಮನೆಗೆ ಬರುತ್ತೆ ಮಗಳೇ, ಇದನ್ನ ಬಿಟ್ಟು ಕದಲಬೇಡ ಅಂದ ಬಡಗಿಯಜ್ಜ. ಅಜ್ಜಿ ಕದಲಲಿಲ್ಲವಲ್ಲ, ಹನ್ನೊಂದು ವರ್ಷ ಮನೆಯ ಏಣಿಯ ಬುಡದಲ್ಲಿ ತನ್ನ ತುಂಡಿಗೆ ಎಣ್ಣೆ ಸವರುತ್ತ ಕೂತಳು, ತುಂಡು ಮನೆಯಲ್ಲೇ ಇತ್ತು, ಕಡಲಿಗೆ ಹೋದ ಅವಳ ಗಂಡ, ಬಸ್ಸೆಯ ಅಜ್ಜ, ಬರಲಿಲ್ಲ, ಅಜ್ಜಿಯ ಬೆರಳುಗಳ ಎಣ್ಣೆ ವಾಸನೆ ನೆನೆದರೆ ಬಸ್ಸೆ ಈಗಲೂ ಮೂಗು ಮುಚ್ಚಿಕೊಳ್ಳುತ್ತಾಳೆ. ಮುಂದಿನ ದ್ವೀಪದಲ್ಲಿ ಇಬ್ಬರನ್ನೂ ಇಳಿಸೋದು, ಊರ ಕಡೆ ಹೋಗೋ ದೋಣಿಗೆ ತುಂಡಿನ ಸಮೇತ ಹತ್ತಿಸೋದು, ಸೀಲಾ ಮಾವ ತೀರ್ಪು ಕೊಟ್ಟಾಗಿದೆ.

ಆ ದ್ವೀಪವೇ ಇದು, ಸುತ್ತಲೂ ಹವಳದ ದಂಡೆ, ಒಳಗೆ ಹೋಗಲು ಒಂದೇ ಸಂದು, ಬಿಸಿಲು ಬೆನ್ನಿಗೆ ಬರುವ ತನಕ ಕಾಯಬೇಕಿತ್ತು, ಆದರೆ ಹಿಂದೆ ಪಡುವಣದಲ್ಲಿ ಮೋಡ ಕಾಡಿಗೆಯ ಹಾಗೆ ಏರುತ್ತಿದೆ, ಗಾಳಿ ಬಡಿಯುವ ಮೊದಲು ಒಳಗೆ ಸೇರದಿದ್ದರೆ ಹೊರಗೆ ಸಾವು, ಸಂದು ತಪ್ಪಿದರೆ ಕಲ್ಲಿನ ಮೇಲೆ ಸಾವು, ಇಪ್ಪತ್ತಾರು ಜನ — ಮತ್ತು ಅಪ್ಪ, ಚುಕ್ಕಾಣಿ ಹಿಡಿದು ನೆಟ್ಟಗೆ ನಿಂತ ದಾಯೆಂಗ್ ಪಸೋಲಾಂಗ್, ಇಡೀ ಕರಾವಳಿಯಲ್ಲಿ ಅವನ ಹೆಸರಿಗೆ ಎದ್ದು ನಿಲ್ಲುತ್ತಾರೆ, ಎದುರು ಬಿಸಿಲಿಗೆ ಎಲ್ಲರ ಕಣ್ಣೂ ಕಿರಿದಾಗಿದೆ, ಅಪ್ಪನದು ಮಾತ್ರ ಅಗಲವಾಗಿ ತೆರೆದಿದೆ, ರೆಪ್ಪೆ ಅಲುಗುವುದಿಲ್ಲ, ಏನು ಧೈರ್ಯ ನೋಡು ಅಂದುಕೊಳ್ಳುತ್ತಿದ್ದಾರೆ ಇವರು. ಅವಳಿಗೊಬ್ಬಳಿಗೇ ಗೊತ್ತು. ಎರಡು ವರ್ಷದಿಂದ ಊರ ಮುಂದಿನ ನೀರಿನಲ್ಲಿ ಸಣ್ಣ ದೋಣಿಯ ಮೂತಿಯಲ್ಲಿ ಕೂತು ಅವಳು ಬಣ್ಣ ಹೇಳುತ್ತಿದ್ದಳು, ಅಪ್ಪ ಹುಟ್ಟು ಹಾಕುತ್ತಿದ್ದ, ಇದೊಂದೇ ಪ್ರಯಾಣ ಮಗಳೇ, ಆಮೇಲೆ ಮುಗೀತು, ಅಲ್ಲಿವರೆಗೆ ಯಾರಿಗೂ ಹೇಳಬೇಡ. ಅದಕ್ಕೇ ಬಂದದ್ದು, ಅದಕ್ಕೇ ಅಂತ ಹೇಳಿದರೆ ಅರ್ಧ ಸುಳ್ಳು, ಅಪ್ಪನಿಗೆ ಕಣ್ಣಿದ್ದರೂ ಬರುತ್ತಿದ್ದೆ, ಬೇಕಿತ್ತು ನನಗೆ, ಈ ಚುಕ್ಕಾಣಿ, ಈ ನೀರು, ಕೇಳಿ ಪಡೆಯುವಂತಿದ್ದರೆ ಕೇಳುತ್ತಿದ್ದೆ. ಕಂದು, ಎಡಕ್ಕೆ ಕಂದು, ಜೋರಾಗಿ ಕೂಗಿದಳು, ಸುಮ್ನೆ ಕೂತ್ಕೊಳ್ಳೇ ಅಂದ ಸೀಲಾ ಮಾವ, ಅಲೆಯ ಮೊರೆತಕ್ಕೆ ಅಪ್ಪನಿಗೆ ಕೇಳಿಸಲಿಲ್ಲ, ಹಡಗಿನ ಮೂತಿ ಎಡಕ್ಕೇ ತಿರುಗುತ್ತಿದೆ, ಹೇಳಿದರೆ ಅಪ್ಪನ ಹೆಸರು ಹೋಯಿತು, ಹೇಳದಿದ್ದರೆ ಎಲ್ಲರೂ ಹೋದೆವು, ಎದ್ದಳು, ನಡೆದಳು, ಮಾವನ ಎದೆ ಅಡ್ಡ ಬಂತು, ಹೆಂಗಸು ಚುಕ್ಕಾಣಿ ಮುಟ್ಟಿದ್ರೆ ಹಡಗು ಉಳಿಯಲ್ಲ, ಅವಳಿಗೆ ಸಿಟ್ಟು ಉಕ್ಕಿತು, ಮುಟ್ಟದೇ ಇದ್ರೆ ಉಳಿಯಲ್ಲ ಮಾವ, ದಾರಿ ಬಿಡಿ. ಆಗ ಅಪ್ಪನ ದನಿ, ಬೇಡುವ ದನಿಯಲ್ಲ, ಅಪ್ಪಣೆಯ ದನಿ, ಬಿಡು ಸೀಲಾ, ನಂಗೆ ಕಣ್ಣು ಕಾಣಲ್ಲ, ಎರಡು ವರ್ಷ ಆಯ್ತು, ಅವಳೇ ನನ್ನ ಕಣ್ಣು. ಮಾವನ ಎದೆ ಪಕ್ಕಕ್ಕೆ ಸರಿಯಿತು.

ಚುಕ್ಕಾಣಿಯ ಹಿಡಿ ಅಪ್ಪನ ಕೈಯಿಂದ ಬೆಚ್ಚಗಿದೆ, ಬಲಕ್ಕೆ, ಇನ್ನೂ ಬಲಕ್ಕೆ, ಯಾವಾಗ ಹತ್ತಿದಳೋ ಬುಂಗಾ, ಕಂಬದ ತುದಿಯಲ್ಲಿ ಕಾಲು ಹೆಣೆದು ಕೂತಿದ್ದಾಳೆ, ಎತ್ತರಕ್ಕೆ ಬಿಸಿಲಿನ ಕುಕ್ಕು ಕಡಿಮೆ, ನೀಲಿ ಕಾಣ್ತಿದೆ ಕಣೇ, ನಮ್ಮ ಹಾಯಿ ಅಗಲಾನೂ ಇಲ್ಲ, ನೇರ ಹಿಡಿ, ನೇರ — ಕೆಳಗಿನಿಂದ ಸದ್ದು, ಬೆನ್ನುಮರಕ್ಕೆ ಹವಳ ತಾಗಿ ಕರಕರ, ಗರಗಸ, ಅದೇ ಗರಗಸ, ಹಾಯಿ ಇಳಿಸ್ರೋ ಅಂತ ಮಾವ ಕಿರುಚಿದ, ಇಳಿಸಿದರೆ ಅಲೆ ನಮ್ಮನ್ನು ಅಡ್ಡ ತಿರುಗಿಸಿ ಕಲ್ಲಿಗೆ ಬಡಿಯುತ್ತದೆ, ನಡುವೆ ನಿಲ್ಲಿಸಬಾರದು, ಬೆವರು ಕಣ್ಣಿಗೆ ಇಳಿಯಿತು, ಒರೆಸಲಿಲ್ಲ, ಬೇಡ, ಇಳಿಸಬೇಡಿ, ಬಿಗಿಯಾಗಿ ಎಳೀರಿ ಅಂದಳು, ಮಾವನ ಕಡೆ ಒಮ್ಮೆ ನೋಡಿದರು, ಆಮೇಲೆ ಎಳೆದರು, ಗಂಡಸರು, ಅವಳ ಮಾತಿಗೆ, ಕರಕರ, ಕರಕರ, ತುಂಡಾಗುವ ತನಕ, ತುಂಡಾಗುವ ತನಕ — ಸದ್ದು ಇಲ್ಲ. ನೀಲಿ. ಹಿಂದೆ ಮೋಡ ದಂಡೆಯ ಹೊರಗೆ ಸಿಡಿಯಿತು, ಒಳಗೆ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿದೆ, ಈಗ ಕಣ್ಣಿನ ಬೆವರು ಒರೆಸಿಕೊಂಡಳು, ಸೀಲಾ ಮಾವ ಹತ್ತಿರ ಬಂದ, ಮುಖ ನೋಡಲಿಲ್ಲ, ಇಳಿಸುವ ಮಾತೆತ್ತಲಿಲ್ಲ, ತುಂಡನ್ನಾದ್ರೂ ಜೋಪಾನ ಮಾಡಮ್ಮ, ಅದು ಮನೇಲಿರಬೇಕಾದ್ದು, ಯಾರಾದ್ರೂ ಕಾಯ್ಬೇಕಲ್ಲ. ಏಣಿಯ ಬುಡ, ಹನ್ನೊಂದು ವರ್ಷ, ಎಣ್ಣೆ. ಬಸ್ಸೆ ಗಂಟು ಬಿಚ್ಚಿದಳು, ನೆಲಕ್ಕೆ ತಾಗಿಸಲಿಲ್ಲ, ತೋಳು ಹಿಂದಕ್ಕೆಳೆದು ಹಡಗಿನ ಮುಂದಿನ ನೀರಿಗೆ ಎಸೆದಳು, ಮಾವನ ಬಾಯಿಂದ ಉಸಿರು ಹೋದ ಸದ್ದು, ಮೇಲೆ ಬುಂಗಾಳ ಕೇಕೆ, ತುಂಡು ಮುಳುಗಿತು, ಎದ್ದಿತು, ಮಗ್ಗುಲಾಯಿತು, ಏನೋ ಬಿದ್ದ ಹಾಗಾಯ್ತಲ್ಲ ಮಗಳೇ, ನೀರಲ್ಲಿ ಏನದು, ಯಾವ ಬಣ್ಣ ಅಂತ ಅಪ್ಪ ಕೇಳಿದ, ಹಸಿರಲ್ಲ, ಕಂದಲ್ಲ, ಅಪ್ಪ ಹೇಳಿಕೊಟ್ಟ ಯಾವ ಬಣ್ಣವೂ ಅಲ್ಲ, ಹಡಗಿಗಿಂತ ಮುಂದೆ ಮುಂದೆ ತೇಲುತ್ತ, ಕೊಯ್ದ ಮುಖ ಆಕಾಶಕ್ಕೆ, ಬಿಳಿ, ಅಪ್ಪ, ಬಿಳಿ.