ಯಾವ ನೀರು?

ಪಕ್ಕದ ಮನೆಯ ಅಜ್ಜಿ ಸೊಸೆ ಕೊಟ್ಟ ಚಹಾವನ್ನು ಮೂಸದೆ ಕುಡಿಯುತ್ತಿರಲಿಲ್ಲ. ಮೂಸಿ, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಬಚ್ಚಲಿಗೆ ಸುರಿದುಬಿಡುತ್ತಿದ್ದರು. ನಾನು ಬಟ್ಟೆ ಹೊಲಿಯುವವಳು. ನನ್ನ ಮಿಷನ್ನು ಇರುವುದು ಅವರ ಅಡುಗೆಮನೆಯ ಕಿಟಕಿಗೆ ಎದುರಾಗಿ. ಬೇಡವೆಂದರೂ ಎಲ್ಲ ಕಣ್ಣಿಗೆ ಬೀಳುತ್ತದೆ.

“ಏನೋ ಬೆರೆಸ್ತಾಳೆ ಕಣೇ,” ಎಂದು ಅಜ್ಜಿ ಕಿಟಕಿಯಿಂದಲೇ ಪಿಸುಗುಟ್ಟುತ್ತಿದ್ದರು. “ಎದ್ದಾಗ ಚೆನ್ನಾಗೇ ಇರ್ತೀನಿ. ಅಡುಗೆಮನೇಲಿ ಸ್ವಲ್ಪ ಹೊತ್ತು ಕೂತ್ರೆ ತಲೆ ಸಿಡಿಯುತ್ತೆ, ಕಣ್ಣು ಕತ್ತಲೆ ಬರುತ್ತೆ. ಅವಳ ಕೈಯಡುಗೆ ಬಿಟ್ರೆ ಇನ್ನೇನು ಕಾರಣ ಹೇಳು?”

ಸೊಸೆ ರವಿಕೆ ಹೊಲಿಸುವ ನೆಪದಲ್ಲಿ ಬಂದು ಅಳುತ್ತಿದ್ದಳು. “ಅಕ್ಕಾ, ನನ್ನ ತವರಿಗೆ ಕಳಿಸಿಬಿಡ್ತಾರಂತೆ. ಇವರೂ ಈಗ ತುತ್ತು ಎತ್ತೋ ಮುಂಚೆ ನನ್ನ ಮುಖ ನೋಡ್ತಾರೆ.”

ಯಾರನ್ನು ನಂಬುವುದು? ನಾನು ಹೂಂ ಹೂಂ ಎನ್ನುತ್ತ ಹೊಲಿಗೆ ಹಾಕುತ್ತಿದ್ದೆ.

ಅಜ್ಜಿಯ ಮಗ ಒಡವೆಗೆ ಚಿನ್ನದ ನೀರು ಹಾಕುವವನು. ಬೆಳ್ಳಿ, ಬೆರಕೆ ಚಿನ್ನದ ಬಳೆಗಳ ಮೇಲೆ ಆಸಿಡ್‌ನಿಂದ ಹೂಬಳ್ಳಿ ಕೊರೆಯುತ್ತಾನೆ, ಹೆಂಡತಿಯೂ ಕೈಜೋಡಿಸುತ್ತಾಳೆ. ಆಮೇಲೆ ದ್ರಾವಣದಲ್ಲಿ ಮುಳುಗಿಸಿ, ಕರೆಂಟು ಹಾಯಿಸಿ, ಮೇಲೆ ಚಿನ್ನ ಏರಿಸುತ್ತಾನೆ. ನಲ್ಲಿಯೂ ಬಚ್ಚಲೂ ಒಟ್ಟಿಗೆ ಇರುವುದು ಅಲ್ಲೇ ಎಂದು ಇಷ್ಟೂ ಕೆಲಸ ಅಡುಗೆಮನೆಯ ಮೂಲೆಯಲ್ಲಿ. ಅವನ ಬಾಯಲ್ಲಿ ಎಲ್ಲದಕ್ಕೂ ಒಂದೇ ಹೆಸರು. ಆಸಿಡ್ಡೂ ನೀರು, ದ್ರಾವಣವೂ ನೀರು. ಎರಡನ್ನೂ ತೊಳೆದು ಚೆಲ್ಲುವುದು ಒಂದೇ ಬಚ್ಚಲಿಗೆ. ಅಜ್ಜಿ ಮಣೆ ಹಾಕಿಕೊಂಡು ಕೂರುವುದೂ ಅದೇ ಬಚ್ಚಲ ಪಕ್ಕ.

ಒಂದು ದಿನ ಮನೆಮನೆಗೆ ಬರುವ ನರ್ಸಮ್ಮ ಅವರ ಜಗುಲಿಯಲ್ಲಿ ಕೂತು ವಿಚಾರಿಸಿದರು. “ಅಡುಗೆಮನೇಲಿ ಆಸಿಡ್ ಕೆಲಸ ನಡೆಯುತ್ತಲ್ಲ, ಹೊರಗೆ ಬಂದ್ರೆ ತಲೆನೋವು ಕಡಿಮೆ ಆಗುತ್ತಾ ಅಜ್ಜಿ?”

“ಆಗುತ್ತೆ. ಅದನ್ನ್ಯಾಕೆ ಕೇಳ್ತೀಯ? ನಿನ್ನ ಯಾರು ಕಳಿಸಿದ್ದು? ಮೇಲಿನ ಬೀದಿಯ ಪಾಲಿಶ್‌ನವನಾ, ನಮ್ಮ ಕೆಲಸ ನಿಲ್ಲಿಸೋಕೆ?” ಎಂದು ಅಜ್ಜಿ ಸಿಡುಕಿ, ತಲೆ ಹಿಡಿದುಕೊಂಡು ಒಳಗೆ ಹೋದರು.

ಮಗನೂ ಬಿಡಲಿಲ್ಲ. “ನಮ್ಮಪ್ಪನ ಕಾಲದಿಂದ ಇದೇ ಕೆಲಸ. ಯಾರಿಗೂ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ ನರ್ಸಮ್ಮ.”

ಅಷ್ಟರಲ್ಲಿ ಒಳಗಿನಿಂದ ದನಿ ಬಂತು. “ನೀರೆಲ್ಲಿ?”

ಕೇಳಿದ್ದು ಹೆಂಡತಿ, ಕೊರೆಯುವ ಕೆಲಸಕ್ಕೆ ಕೇಳುತ್ತಿದ್ದಾಳೆ ಎಂದುಕೊಂಡ ಪುಣ್ಯಾತ್ಮ, ತಿರುಗಿಯೂ ನೋಡದೆ ಕೂಗಿದ: “ಕಿಟಕಿ ಮೇಲಿದೆಯಲ್ಲ, ಬಾಟಲೀಲಿ!”

ಕೇಳಿದ್ದು ಬಾಯಾರಿದ್ದ ಅಜ್ಜಿ. ಅದು ಹಣ್ಣಿನ ರಸದ ಹಳೇ ಬಾಟಲಿ. ಅವರು ಮುಚ್ಚಳ ತೆಗೆದು ಬಾಯಿಗೆತ್ತಿದ್ದನ್ನು ನಾನು ಇಲ್ಲಿಂದ ನೋಡಿ ಕಿರುಚಿಕೊಂಡೆ. ಸೊಸೆ ಎಲ್ಲಿದ್ದಳೋ, ಓಡಿ ಬಂದು ಬಾಟಲಿಯನ್ನು ಹೊಡೆದು ಬೀಳಿಸಿದಳು.

“ನೋಡಿ, ನೋಡಿ! ಕುಡಿಯೋ ನೀರಿಗೂ ಕಲ್ಲು ಹಾಕ್ತಾಳೆ, ಪಾಪಿ!” ಎಂದು ಅಜ್ಜಿ ಬೊಬ್ಬೆ ಹಾಕಿದರು.

ಅವರ ಮಾತು ಮುಗಿಯುವ ಮೊದಲೇ ನೆಲದ ಕಲ್ಲು ಬುಸ್ಸೆಂದು ನೊರೆ ಕಾರಿತು. ಸೊಸೆಯ ಸೀರೆಯ ಅಂಚು ತೂತಾಯಿತು. ಅವಳು ಕಾಲು ಹಿಡಿದು ಕುಸಿದಳು. ಅಜ್ಜಿ ಗೋಡೆಯತ್ತ ಹಿಂದಕ್ಕೆ ಸರಿದರು.

ನರ್ಸಮ್ಮ ಒಳಗೆ ಧಾವಿಸಿದರು. “ಎಲ್ಲರೂ ಹೊರಗೆ ನಡೀರಿ! ಆಸಿಡ್ ಬಚ್ಚಲಿಗೆ ಹರಿದ್ರೆ ಇನ್ನೂ ಅಪಾಯ!” ಸೊಸೆಯನ್ನು ಅಂಗಳದ ನಲ್ಲಿಯ ಕೆಳಗೆ ಕೂರಿಸಿ, ಕಾಲಿನ ಮೇಲೆ ನೀರು ಬಿಟ್ಟರು. ಆಸ್ಪತ್ರೆಗೆ ಆಟೋ ಬರುವವರೆಗೂ ನಿಲ್ಲಿಸಲಿಲ್ಲ.

“ನಿಮ್ಮ ಚಿನ್ನದ ನೀರಲ್ಲಿ ಸಯನೈಡ್ ಇದೆ, ಅಲ್ವಾ?” ಎಂದು ಮಗನನ್ನು ಕೇಳಿದರು. “ಇದೆ,” ಎಂದು ಅವನು ಒಪ್ಪಿಕೊಂಡ.

“ಅದೂ ಆಸಿಡ್ಡೂ ಸೇರಿದ್ರೆ ವಿಷಗಾಳಿ ಏಳುತ್ತೆ ಕಣಪ್ಪ. ಆ ಗಾಳಿ ಸ್ವಲ್ಪ ಸ್ವಲ್ಪವಾಗಿ ನಿಮ್ಮಮ್ಮನ ಮೂಗಿಗೆ ಹೋಗ್ತಿತ್ತು. ಹೆಚ್ಚು ಸೇರಿದ್ರೆ ಜೀವವೇ ಹೋಗುತ್ತೆ. ಅಜ್ಜಿ, ನೀವೂ ಆಸ್ಪತ್ರೆಗೆ ಬನ್ನಿ, ತೋರಿಸೋಣ.”

“ಹಾಗಾದ್ರೆ... ಚಹಾದಲ್ಲಿ?” ಎಂದು ಅಜ್ಜಿ ತೊದಲಿದರು.

“ಚಹಾದಲ್ಲಿ ಚಹಾ ಇತ್ತು ಅಜ್ಜಿ.”

ಅಜ್ಜಿ ಸೊಸೆಯ ಪಕ್ಕ ಒದ್ದೆ ನೆಲದಲ್ಲೇ ಕೂತು, ಅವಳ ಕಾಲನ್ನು ನೋಡಿ ಗೊಳೋ ಎಂದು ಅತ್ತರು. “ನಿನ್ನ ಕೈಯಿಂದ ಸಾಯ್ತೀನಿ ಅಂತಿದ್ದೆನಲ್ಲೇ, ನಿನ್ನ ಕೈಯೇ ನನ್ನ ಉಳಿಸ್ತು.”

ಈಗ ಅವನ ಕೆಲಸ ಹಿತ್ತಲಿನ ಗಾಳಿಯಾಡುವ ಕೊಟ್ಟಿಗೆಗೆ ಹೋಗಿದೆ. ಆಸಿಡ್‌ಗೆ ಬೇರೆ ಡಬ್ಬ, ಸಯನೈಡ್‌ಗೆ ಬೇರೆ ಡಬ್ಬ, ಅವೂ ದೂರ ದೂರ. ಎರಡಕ್ಕೂ ಬೀಗ, ಮೇಲೆ ದಪ್ಪಕ್ಷರದ ಹೆಸರು. ತೊಳೆದದ್ದು ಬಚ್ಚಲಿಗಿಲ್ಲ, ಬೇರೆ ಬೇರೆ ಕ್ಯಾನುಗಳಲ್ಲಿ ಕೂಡಿಟ್ಟು ರಾಸಾಯನಿಕ ತ್ಯಾಜ್ಯ ಒಯ್ಯುವವರಿಗೆ ಕೊಡುತ್ತಾನೆ. ಅವನು ಬಾಯಿತಪ್ಪಿ “ನೀರು” ಎಂದರೆ ಸಾಕು, ಅಜ್ಜಿ ಗದರುತ್ತಾರೆ: “ಯಾವ ನೀರೋ? ಹೆಸರು ಹೇಳು!” ಅಜ್ಜಿಯ ಅನುಮಾನವೇನೂ ಹೋಗಿಲ್ಲ, ಆದರೆ ಈಗ ಅದು ಬಾಟಲಿಗಳ ಮೇಲೆ. ಸೊಸೆ ಕೊಟ್ಟ ಚಹಾವನ್ನು ಮೂಸದೆ ಕುಡಿಯುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಡವೆಯ ಕೆಲಸ ನಡೆಯುತ್ತದೆಯೇ? ಹಾಗಾದರೆ ಈಗಲೇ ಎದ್ದು ಅಡುಗೆಮನೆಯ ಕಿಟಕಿ ನೋಡಿ. ಅಲ್ಲಿ ಹೆಸರಿಲ್ಲದ ಬಾಟಲಿ ಇದ್ದರೆ ಮನೆಯವರ ಮೇಲೆ ಅನುಮಾನ ಪಡಬೇಡಿ, ಆ ಬಾಟಲಿಯ ಮೇಲೆ ಪಡಿ.