ಬಜಪೆಯಿಂದ ಮುಂಬಯಿಗೆ ಹತ್ತು ಹೆಜ್ಜೆ

“ಮಂಗಳೂರಿನಿಂದ ಮುಂಬಯಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?”

ಸುಮಲತಾ ಬಟ್ಟೆ ಮಡಚುತ್ತ ಗಾಳಿಗೆ ಕೇಳಿದಳು. ಮೇಜಿನ ಮೇಲಿದ್ದ ಫೋನು ತನ್ನನ್ನೇ ಕೇಳಿದಳೆಂದುಕೊಂಡು, “ಸುಮಾರು ಏಳುನೂರ ಹದಿನೈದು ಕಿಲೋಮೀಟರ್, ಒಂದೂವರೆ ಗಂಟೆ” ಎಂದುಬಿಟ್ಟಿತು. ಪಕ್ಕದಲ್ಲೇ ಇದ್ದ ನನ್ನ ಎರಡೂ ಕಾಲು ಉರಿದವು. ಅದು ನನ್ನ ಪ್ರಶ್ನೆಯಾಗಿತ್ತು.

ನಾನು ಒಂದು ಹಿತ್ತಾಳೆಯ ಕೈವಾರ. ಪೆನ್ಸಿಲಿಗೆ ನನ್ನಲ್ಲಿ ಜಾಗವಿಲ್ಲ. ಎರಡು ಕಾಲಿಗೂ ಉಕ್ಕಿನ ಮುಳ್ಳು. ಅಂಬಾಲದ ಒಂದು ಕಾರ್ಖಾನೆಯಲ್ಲಿ ಕನ್ನಡಕದ ಮುದುಕನೊಬ್ಬ ನನ್ನನ್ನು ಕಲ್ಲಿಗೆ ಉಜ್ಜಿ ಮೊನೆ ಮಾಡಿದ. ಮೊದಲು ಸೇರಿದ್ದು ವಿಮಾನ ಹಾರಿಸಲು ಕಲಿಸುವ ಶಾಲೆಗೆ. ಅಲ್ಲಿನ ಹುಡುಗರು ನನ್ನಿಂದ ಹಲ್ಲು ಕೆದಕಿಕೊಂಡರು. ಅಲ್ಲಿಂದ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ಕಚೇರಿಗೆ, ಮುಚ್ಚಿನ್ನಾಯರ ಕೈಗೆ ಬಂದೆ.

ಹಾರುವ ಮೊದಲು ದೂರ, ಹೊತ್ತು, ಎಣ್ಣೆ ಲೆಕ್ಕ ಹಾಕುವುದು ಅವರ ಕೆಲಸ. ತಾಯಿ ಓದುತ್ತಿದ್ದ ಸಮುದ್ರ ಹಾರಿದ ಹನುಮಂತನ ಪದ್ಯಗಳನ್ನು ಗುನುಗುತ್ತ, ನಕ್ಷೆಯ ಮೇಲೆ ನನ್ನನ್ನು ನಡೆಸುತ್ತಿದ್ದರು. ಹೆಜ್ಜೆಗೆ ಎಪ್ಪತ್ತೈದು ಕಿಲೋಮೀಟರ್. ನಾಲ್ಕನೆಯದಕ್ಕೆ ಗೋವಾ, ಹತ್ತನೆಯದು ಮುಗಿಯುವ ಮೊದಲೇ ಮುಂಬಯಿ. ಲೆಕ್ಕಕ್ಕೆ ಸಿಕ್ಕಿದ ಹೊತ್ತಿಗೆ ಮತ್ತೆ ಹತ್ತು ನಿಮಿಷ ಸೇರಿಸುತ್ತಿದ್ದರು. “ಅದು ದೇವರ ಪಾಲು” ಎನ್ನುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಆ ವರ್ಷದ ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದರ ಹಣೆಗೆ; ಉಳಿದದ್ದು ನನಗೆ. ನಡೆಯಲು ಕಾಲಿಲ್ಲದ, ಗುನುಗಲು ಪದ್ಯವಿಲ್ಲದ ಆ ಪೆಟ್ಟಿಗೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನಿವೃತ್ತಿಯ ದಿನ ಮುಚ್ಚಿನ್ನಾಯರು ಬೇಡದ ಸಾಮಾನಿನ ರಾಶಿಯಿಂದ ನನ್ನನ್ನು ಕೇಳಿ ಪಡೆದು ಮನೆಗೆ ತಂದರು. ಅಲ್ಲಿ ಈ ಫೋನು ಕಾದಿತ್ತು.

ಊರವರನ್ನೆಲ್ಲ ಹಾರಿಸಿದ ಅವರು ಸ್ವತಃ ಹಾರಿರಲಿಲ್ಲ. ಈಗ ಮುಂಬಯಿಯಲ್ಲಿ ತಂಗಿಯ ಗೃಹಪ್ರವೇಶ. ಹೊರಡುವಾಗ ಹಳೆಯ ಅಭ್ಯಾಸದಂತೆ ನನ್ನನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡರು.

“ಅಪ್ಪಾ, ಅದೆಂತಕ್ಕೆ? ಅದಕ್ಕೂ ಟಿಕೆಟ್ ಮಾಡ್ಬೇಕಿತ್ತಾ?” ಸುಮಲತಾ ನಕ್ಕಳು.

“ಇದೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ ಮಗಾ. ಗೋವಾ ಬರುವಾಗ ಕಿಟಕಿಯಿಂದ ತೋರಿಸ್ತೇನೆ.”

ನನ್ನ ಹೊಟ್ಟೆಯುರಿ ಆ ಒಂದು ಮಾತಿಗೆ ತಣ್ಣಗಾಯಿತು. ಆಕಾಶದಲ್ಲಿ ನಡೆದವನೆಂದು ಬೀಗುತ್ತಿದ್ದೆ; ನಡೆದದ್ದೆಲ್ಲ ಕಾಗದದ ಮೇಲೆ. ಇಂದು ನಿಜವಾಗಿ ಹೋಗುತ್ತೇನೆ.

ತಪಾಸಣೆಯ ತಟ್ಟೆಯಲ್ಲಿ ನನ್ನನ್ನೂ ಫೋನನ್ನೂ ಅಕ್ಕಪಕ್ಕ ಮಲಗಿಸಿದರು. ಫೋನು ಒಂದು ಪ್ರಶ್ನೆಯೂ ಇಲ್ಲದೆ ಆಚೆ ಹೋಯಿತು. ನನ್ನನ್ನು ಮಾತ್ರ ಕಾವಲಿನ ಹೆಣ್ಣುಮಗಳು ಎತ್ತಿಕೊಂಡಳು. ಅವಳದು ವಿಜಯಪುರದ ಕಡೆಯ ಮಾತು.

“ಇದೇನ್ರೀ ಯಜಮಾನ್ರ, ಎರಡೂ ಕಡೆ ಮೊನಿ ಐತಿ?”

“ನನಗೆ ಅನ್ನ ಕೊಟ್ಟದ್ದಮ್ಮ. ಇದೇ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಇದೇ ಕಿಸೆಯಲ್ಲಿತ್ತು. ಒಂದು ಸಲ ಮೇಲೆ ಬರ್ಲಿ. ಕೈಯಲ್ಲೇ ಹಿಡ್ಕೊಂಡಿರ್ತೇನೆ.”

ಅವಳು ನನ್ನ ಮುಳ್ಳಿಗೆ ಹೆಬ್ಬೆರಳು ಒತ್ತಿ ನೋಡಿದಳು. ಆಮೇಲೆ ಅವರ ಮುಖ ನೋಡಿದಳು.

“ಇಲ್ರೀ. ಇದನ್ನ ವಿಮಾನದಾಗ ಬಿಡಾಂಗಿಲ್ಲ.”