ಉಸಿರು ಮುರಿಯದ ಶೇವಂತಿ

ನನ್ನ ಹೆಸರು ಅಡಿವೆಯ್ಯ. ಗಣೇಶಗುಡಿಯ ಹತ್ತಿರದ ಒಂದು ಸಣ್ಣ ಹೈಸ್ಕೂಲಿನಲ್ಲಿ ಐದು ವರ್ಷ ಪಿ.ಟಿ. ಮಾಸ್ತರನಾಗಿದ್ದೆ. ಈಗ ಹೇಳುತ್ತಿರುವುದು ೧೯೮೭ರ ಮಾತು. ಸೂಪಾ ಊರು, ಅದರ ಸುತ್ತಲಿನ ಹಳ್ಳಿಗಳು ಅಣೆಕಟ್ಟಿನ ನೀರಿನಡಿ ಹೋಗಿ ಒಂದೆರಡು ಮಳೆಗಾಲ ಕಳೆದಿದ್ದವು. ಅಲ್ಲಿಯ ಜನರೆಲ್ಲ, ಮುಳುಗಡೆಯವರಿಗೆಂದು ಸರ್ಕಾರ ನೆಲೆ ಕೊಟ್ಟ ಜೋಯಿಡಾದಾಚೆಯ ರಾಮನಗರದ ಕಡೆ ಹೋದ ಮೇಲೆ ನಮ್ಮ ಶಾಲೆ ಅರ್ಧ ಖಾಲಿಯಾಗಿತ್ತು. ಹುಡುಗಿಯರ ಕಬಡ್ಡಿ ತಂಡಕ್ಕೆ ನನಗೆ ಸಿಕ್ಕವರು ಆರೇ ಮಂದಿ. ಏಳು ಜನರಿಲ್ಲದೆ ಪಂದ್ಯಕ್ಕೆ ಹೆಸರು ಕೊಡುವಂತಿರಲಿಲ್ಲ.

ಆದರೂ ದಿನಾ ಸಂಜೆ ಆಡಿಸುತ್ತಿದ್ದೆ. ನಾಯಕಿ ರೋಜಿ, ಸಿದ್ದಿಯರ ಹುಡುಗಿ. ಉದ್ದ ಕೈ, ನೆಲಕ್ಕೆ ಬೇರು ಬಿಟ್ಟಂತೆ ನಿಲ್ಲುವ ಕಾಲು. ಅವಳ ಗೆಳತಿ ಹಜರಾಬಿ ಮಾತಿನ ಮಲ್ಲಿ. ಮಾಲವ್ವ ಹಳಿಯಾಳ ಕಡೆಯ ರೈತರ ಮಗಳು, ಮೌನಿ, ಹಠಮಾರಿ. ಉಳಿದ ಮೂವರು ಅಣೆಕಟ್ಟಿನ ಕಾಲೋನಿಯವರು.

ಆಟ ಮುಗಿದ ಮೇಲೆ ಅವರಿಗೆ ಕಥೆ ಹೇಳುವುದು ನನ್ನ ರೂಢಿ. ಕಥೆಗಳ ಮೂಲ ಒಂದು ಪುಸ್ತಕ. ಯಾವುದೋ ಯಂತ್ರ ಕೂಡಿಸಲು ಬಂದುಹೋದ ಜಪಾನಿನವನೊಬ್ಬ ಗೆಸ್ಟ್ ಹೌಸಿನಲ್ಲಿ ಬಿಟ್ಟುಹೋದದ್ದು, ರದ್ದಿಯ ಜೊತೆ ನನ್ನ ಕೈಗೆ ಬಂದಿತ್ತು. ಪುಟದ ತುಂಬ ಚಿತ್ರ. ವಾಲಿಬಾಲ್ ಆಡುವ ಹುಡುಗಿಯರು, ಬಟ್ಟಲಿನಷ್ಟು ದೊಡ್ಡ ಕಣ್ಣು, ಕಚ್ಚಿದ ಹಲ್ಲು, ಹೊಳೆಯಾಗಿ ಹರಿಯುವ ಬೆವರು. ಒಂದು ಚೆಂಡು ನೆಲ ಮುಟ್ಟಲು ನಾಲ್ಕು ಪುಟ. ಮೊದಲು ಗೆದ್ದು ಆಮೇಲೇಕೆ ಸೋಲುತ್ತಾರೆ ಇವರು ಎಂದು ತಲೆ ಕೆಡಿಸಿಕೊಂಡಿದ್ದೆ. ಅದನ್ನು ಕೊನೆಯ ಪುಟದಿಂದ ಓದಬೇಕೆಂದು ತಿಳಿಯಲು ತಿಂಗಳು ಹಿಡಿಯಿತು. ಅಕ್ಷರ ಬಾರದಿದ್ದರೂ ಕಥೆ ತಿಳಿಯಿತು. ಯಾರೂ ಲೆಕ್ಕಕ್ಕಿಡದ ಹರಕು ತಂಡ. ಬಯ್ಯುವ ಮಾಸ್ತರ. ಎಲ್ಲಿಂದಲೋ ಬರುವ ಒಬ್ಬ ಹೊಸ ಹುಡುಗಿ. ಕೈ ಸುಲಿಯುವಷ್ಟು ಅಭ್ಯಾಸ, ಒಂದು ಜಗಳ, ಒಂದು ಅಳು, ಕೊನೆಯ ಪಂದ್ಯ, ಕೊನೆಯ ಕ್ಷಣ. ಹೇಗೆ ಮುಗಿಯುತ್ತದೆಂದು ಮೊದಲೇ ಗೊತ್ತಿದ್ದರೂ ನಮ್ಮ ಹುಡುಗಿಯರು ಬಾಯಿ ತೆರೆದು ಕೇಳುತ್ತಿದ್ದರು. ನನಗೂ ಎಷ್ಟು ಹೇಳಿದರೂ ಸಾಲುತ್ತಿರಲಿಲ್ಲ. ನಾನು ಯಾವ ಕಪ್ಪನ್ನೂ ಗೆದ್ದವನಲ್ಲ.

"ಸರ್ರ, ನಮ್ಮ ಕಥಿಯಾಗ ಇನ್ನ ಹೊಸಾ ಹುಡುಗಿ ಬರೂದು ಬಾಕಿ ಐತಿ ನೋಡ್ರಿ," ಅಂದಳು ಹಜರಾಬಿ ಒಂದು ದಿನ.

"ಬರ್ತಾಳ ತಗೋ," ಅಂದೆ. ಎಲ್ಲರೂ ನಕ್ಕೆವು.

ಮರುದಿನ ಸಂಜೆ ಐದಕ್ಕೆ, ಸುಣ್ಣದ ಗೆರೆಯ ಹೊರಗೆ ಒಬ್ಬಳು ನಿಂತಿದ್ದಳು. ಹದಿಮೂರೋ ಹದಿನಾಲ್ಕೋ ವಯಸ್ಸು, ತೆಳ್ಳಗಿನ ಮೈ, ಎಣ್ಣೆ ಕಾಣದ ಕೂದಲು. ಲಂಗದ ಅಂಚು ಒದ್ದೆಯಾಗಿತ್ತು. ಹಳ್ಳ ದಾಟಿ ಬಂದಿರಬೇಕು ಅಂದುಕೊಂಡೆ.

"ಆಡ್ತೀಯೇನವಾ?"

"ಆಡ್ತೆ."

"ಯಾವೂರು?"

ಹಿನ್ನೀರಿನ ಕಡೆಯ ಇಳಿಜಾರಿಗೆ ಕೈ ತೋರಿಸಿದಳು. "ಅಲ್ಲೇ. ಕೆಳಗೆ."

ಕೆಳಗೆ ಈಗ ಊರೆಂಬುದು ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ಕೂಲಿಯವರ ಗುಡಿಸಲು ಇದ್ದಾವು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು. ಹೆಸರು ಕೇಳಿದೆ. ಶೇವಂತಿ ಅಂದಳು. ದಾಖಲೆ, ವರ್ಗಾವಣೆ ಪತ್ರ ಯಾವುದನ್ನೂ ಕೇಳದೆ ಪಂದ್ಯದ ಪಟ್ಟಿಯಲ್ಲಿ ಏಳನೆಯ ಹೆಸರಾಗಿ ಬರೆದುಬಿಟ್ಟೆ.

ನಮ್ಮ ಕಡೆಯ ಪಂದ್ಯಗಳಲ್ಲಿ ಆಗ ಗಡಿಯಾರದ ಲೆಕ್ಕವಿರಲಿಲ್ಲ, ಉಸಿರಿನದೇ ಲೆಕ್ಕ. ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಿನವರ ಅಂಗಳಕ್ಕೆ ಹೋದವಳು ಆ ಒಂದೇ ಉಸಿರಿನಲ್ಲಿ ಮುಟ್ಟಿ ತಿರುಗಿ ಬರಬೇಕು. ನಡುವೆ ಉಸಿರು ಮುರಿದರೆ ಔಟು. ಶೇವಂತಿಯ ಮೊದಲ ದಾಳಿಗೆ ನಾನು ಕೈಗಡಿಯಾರ ನೋಡತೊಡಗಿದೆ. ಒಂದು ನಿಮಿಷವಾಯಿತು, ಎರಡಾಯಿತು. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ದೂರದ ಕಪ್ಪೆಯ ಕೂಗಿನಂತೆ ಒಂದೇ ಸಮನೆ ನಡೆದಿತ್ತು. ಆರೂ ಮಂದಿಯನ್ನು ಮುಟ್ಟಿ ಗೆರೆಗೆ ಬಂದು ಸುಮ್ಮನೆ ನಿಂತಳು. ಮುಟ್ಟಿಸಿಕೊಂಡವರು ತೋಳು ಉಜ್ಜಿಕೊಳ್ಳುತ್ತಿದ್ದರು.

"ಕೈ ಭಾಳ ಥಂಡ ಅದಾವ್ರಿ ಈಕಿದು," ಅಂದಳು ಹಜರಾಬಿ.

ಆ ಸಂಜೆ ಎಲ್ಲರೂ ಹೋದ ಮೇಲೆ ರೋಜಿ ನನ್ನ ಹತ್ತಿರ ಬಂದಳು. "ಸರ್ರ, ಆಕಿ ಉಸರ ತಗೊಳ್ಳಂಗಿಲ್ರಿ."

"ಅದಕ್ಕ ಅಲ್ಲೇನ ಆಕಿ ಬೇಕಾಗಿದ್ದು?"

"ಆಡುವಾಗ ಅಲ್ರಿ. ಸುಮ್ಮ ನಿಂತಾಗೂ. ನಾ ಬಾಜೂಕ ನಿಂತು ನೋಡೇನಿ. ಎದಿ ಅಲಗಂಗಿಲ್ಲ."

ನಾಯಕಿಗೆ ಹೊಸಬಳ ಮೇಲೆ ಹೊಟ್ಟೆಕಿಚ್ಚು ಎಂದು ಭಾವಿಸಿದೆ. ಪುಸ್ತಕದಲ್ಲೂ ಹಾಗೇ ಇತ್ತು.

ಜೋಯಿಡಾದಲ್ಲಿ ಗೆದ್ದೆವು. ಹಳಿಯಾಳದಲ್ಲಿ ಇನ್ನೂ ದೊಡ್ಡ ಅಂತರದಿಂದ ಗೆದ್ದೆವು. ತೀರ್ಪು ಕೊಡುವ ಪಂಚರು ಶೇವಂತಿಯ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿದರು, ಮೋಸವೇನೂ ಸಿಗಲಿಲ್ಲ. ವಾಪಸು ಬರುವಾಗ ಲಾರಿಯ ಹಿಂದೆ ನಿಂತು ಹುಡುಗಿಯರು ಊರು ಬರುವವರೆಗೂ ಹಾಡಿದರು. ರೊಟ್ಟಿ ಹಂಚಿಕೊಂಡರು. ಶೇವಂತಿ ತನ್ನ ಪಾಲಿನ ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಬಂದಳು. ಇಳಿಯುವಾಗ ಅದು ನೆನೆದು ಮುದ್ದೆಯಾಗಿತ್ತು. ಅದನ್ನು ನಾನು ಕಂಡೆ, ಕಂಡೂ ಸುಮ್ಮನಿದ್ದೆ. ಇತ್ತ ಉಳಿದವರ ಆಟವೂ ಬೆಳೆದಿತ್ತು. ಮೂವತ್ತು ಎಣಿಸುವಷ್ಟರಲ್ಲಿ ಉಸಿರು ಬಿಡುತ್ತಿದ್ದ ಮಾಲವ್ವ ಈಗ ನೂರು ದಾಟುತ್ತಿದ್ದಳು.

"ಹೆಂಗ ಕಲತಿ?" ಎಂದು ಕೇಳಿದೆ.

"ಶೇವಂತಿ ಕಲಸ್ತಾಳ್ರಿ. ಮುಂಜಾನೆ."

ದಾಂಡೇಲಿಯ ಕೊನೆಯ ಪಂದ್ಯಕ್ಕೆ ಎರಡು ದಿನ ಇರುವಾಗ, ಆ ಮುಂಜಾನೆಯ ಅಭ್ಯಾಸ ನೋಡೋಣವೆಂದು ಸ್ಟಾಪ್‌ವಾಚು ಹಿಡಿದು ಇಳಿಜಾರಿಗೆ ಹೋದೆ. ಬೆಳಕು ಹರಿದಿತ್ತು. ಹಿನ್ನೀರಿನ ಮೇಲೆ ಮಂಜು, ನಡುನಡುವೆ ನೀರಿನಲ್ಲೇ ಸತ್ತು ನಿಂತ ಮರಗಳ ಬೋಳು ಕೊಂಬೆ. ದಂಡೆಯಲ್ಲಿ ರೋಜಿ ಒಬ್ಬಳೇ ಕುಳಿತಿದ್ದಳು. ಅವಳಿಗೆ ಮೊದಲಿನಿಂದಲೂ ನೀರೆಂದರೆ ಆಗದು. ಉಳಿದ ಐವರು ಸೊಂಟದ ಮಟ್ಟದ ನೀರಿನಲ್ಲಿ ಸಾಲಾಗಿ ನಿಂತು, ಬಗ್ಗಿ, ಮುಖ ಮುಳುಗಿಸಿದ್ದರು. ಅವರೆದುರು ಶೇವಂತಿ ನಿಂತು ತನ್ನೂರ ಕಡೆಯ ಮಾತಿನಲ್ಲಿ ಎಣಿಸುತ್ತಿದ್ದಳು.

ನಾನು ಗುಂಡಿ ಒತ್ತಿದೆ. ಒಂದು ನಿಮಿಷ. ಶಭಾಷ್ ಅಂದುಕೊಂಡೆ. ಎರಡು ನಿಮಿಷ. ಮೈ ಜುಮ್ಮೆಂದಿತು, ಖುಷಿಯಿಂದ. ದಾಂಡೇಲಿಯಲ್ಲಿ ನಮಗೆ ಎದುರಾಗಲಿದ್ದ ಮುಂಡಗೋಡದವರು ಇನ್ನು ನಮ್ಮನ್ನು ಹಿಡಿಯಲಾರರು. ಮೂರು ನಿಮಿಷ. ಐದು ಬೆನ್ನುಗಳೂ ಅಲುಗಲಿಲ್ಲ. ಒಂದು ಗುಳ್ಳೆಯೂ ಮೇಲೆ ಬರಲಿಲ್ಲ.

"ಸರ್ರ, ಎಬ್ಬಸ್ರಿ ಅವರನ್ನ," ಅಂದಳು ರೋಜಿ. ದನಿ ಬಿದ್ದುಹೋಗಿತ್ತು. "ನಾ ಕೂಗಿ ಕೂಗಿ ಸಾಕಾತು. ದಿನಾ ಇದ ಆಗೇತಿ."

ಆಗ ನಾನು ಓಡಿದೆ. ಬಟ್ಟೆ ಸಮೇತ ನೀರಿಗೆ ಬಿದ್ದು ಮಾಲವ್ವನ ಜಡೆ ಹಿಡಿದು ಎತ್ತಿದೆ. ಅವಳು ಕೆಮ್ಮಲಿಲ್ಲ. ಏದುಸಿರೂ ಇಲ್ಲ. ನಿದ್ದೆಯಿಂದ ಎಬ್ಬಿಸಿದವರ ಮೇಲೆ ಸಿಟ್ಟಾಗುವಂತೆ ನನ್ನನ್ನು ನೋಡಿದಳು.

"ಯಾಕ ಎಬ್ಬಿಸಿದ್ರಿ? ಚಂದ ಕಾಣಾಕತ್ತಿತ್ತು."

"ಏನು ಕಾಣಾಕತ್ತಿತ್ತು?"

"ಅಂಗಳರಿ. ಕೆಳಗ ಅಂಗಳ ಐತಿ. ಸುಣ್ಣದ ಗೆರಿ ಹಾಕ್ಯಾರ, ಒಂಚೂರೂ ಅಳಿಸಿಲ್ಲ."

ಒಬ್ಬೊಬ್ಬರನ್ನೇ ದಂಡೆಗೆ ಎಳೆದುಹಾಕಿದೆ. ಐವರ ಮೈಯೂ ಮಂಜುಗಡ್ಡೆ. ಶೇವಂತಿ ಮಾತ್ರ ನೀರಿನಲ್ಲೇ ನಿಂತಿದ್ದಳು. ಅವಳ ಸುತ್ತ ಒಂದು ಅಲೆಯೂ ಏಳುತ್ತಿರಲಿಲ್ಲ.

"ಯಾರ ನೀನು?" ಎಂದು ಕೇಳಿದೆ. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

"ನಿಮಗೆ ಏಳು ಮಂದಿ ಬೇಕಿತ್ತು. ನಾ ಬಂದೆ," ಅಂದಳು. ಬೆದರಿಸುವ ದನಿಯಲ್ಲ, ಪಾಠ ಒಪ್ಪಿಸುವ ಹುಡುಗಿಯ ದನಿ. "ನಮ್ಮಲ್ಲೂ ಏಳು ಮಂದಿ ಬೇಕು. ನಾ ಒಬ್ಬಳೇ ಇದ್ದೆ. ಕಪ್ಪು ಗೆಲ್ಲಿಸಿ ಕೊಟ್ರೆ ಆರೂ ಜನ ನಮ್ಮಲ್ಲಿಗೆ ಆಡ್ಲಿಕ್ಕೆ ಬರ್ತಾರೆ. ಮಾತು ಆಗಿದೆ."

ನಾನು ರೋಜಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಿದಳು. "ಹಳಿಯಾಳದಾಗ ಗೆದ್ದ ದಿನ ಎಲ್ಲಾರೂ ಹೂಂ ಅಂದ್ವಿರಿ. ನಾನೂ ಅಂದೆ. ಬ್ಯಾರೆ ಊರಿನ ಪಂದ್ಯಾ ಅಂತ ತಿಳದಿದ್ದೆ."

ತಿರುಗಿ ನೋಡಿದಾಗ ನೀರಿನಲ್ಲಿ ಯಾರೂ ಇರಲಿಲ್ಲ.

ಅಂದೇ ನಾನು ತಂಡದ ಹೆಸರು ವಾಪಸು ತೆಗೆದುಕೊಳ್ಳಬೇಕಿತ್ತು. ಯಾವ ತಂದೆತಾಯಿಯಾದರೂ ಅದನ್ನೇ ಹೇಳುತ್ತಿದ್ದರು. ಆದರೆ ನಾನು ಯಾರಿಗೂ ಹೇಳಲಿಲ್ಲ. ಒಂದೇ ಪಂದ್ಯ ಉಳಿದಿತ್ತು. ಹರಕು ತಂಡ ಕೊನೆಯ ಮೆಟ್ಟಿಲಿಗೆ ಬಂದು ನಿಂತಿತ್ತು. ಅಷ್ಟು ದಿನ ನಾನು ಹೇಳಿದ ಕಥೆ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಅದರ ಕೊನೆಯನ್ನು ನೋಡದೆ ಬಿಡುವ ಶಕ್ತಿ ನನಗಿರಲಿಲ್ಲ.

ದಾಂಡೇಲಿಗೆ ಹೊರಡುವ ಬಸ್ಸಿಗೆ ಕಾಯುತ್ತ ರೋಜಿ ಕೇಳಿದಳು, "ಏನ ಮಾಡೂಣ್ರಿ ಸರ್ರ?"

"ಕಪ್ಪು ಬರಲಿ. ಆಮ್ಯಾಲಿಂದು ನಾ ನೋಡ್ಕೋತೇನಿ."

"ಹೆಂಗ ನೋಡ್ಕೋತೀರಿ? ಆರೂ ಮಂದಿ ಒಮ್ಮೆಲೆ ನೀರಿಗಿಳಿದ್ರ ನಿಮಗಿರೂವು ಎರಡ ಕೈ."

ಬಸ್ಸು ಬಂತು. ಹತ್ತಿ ನೋಡಿದರೆ ಶೇವಂತಿ ಆಗಲೇ ಒಳಗೆ ಕಿಟಕಿಯ ಪಕ್ಕ ಕುಳಿತಿದ್ದಳು. ಕಾಲ ಕೆಳಗೆ ಒಂದಿಷ್ಟು ನೀರು ನಿಂತಿತ್ತು.

ಮುಂಡಗೋಡದ ತಂಡ ಗಟ್ಟಿಯಾಗಿತ್ತು. ಅವರ ನಾಯಕಿ ಶೇವಂತಿಯ ಆಟ ನೋಡಿಬಂದಿದ್ದಳೇನೋ, ತನ್ನವರನ್ನು ಅವಳ ಕೈಗೆ ಸಿಗದ ಹಾಗೆ ಮೂಲೆಗೆ ಸರಿಸಿಡುತ್ತಿದ್ದಳು. ನಡುಮಧ್ಯಾಹ್ನದ ಬಿಸಿಲು. ಮೈದಾನದ ಸುತ್ತ ಮಿಲ್ಲಿನ ಕಾರ್ಮಿಕರು, ಶಾಲೆಯ ಮಕ್ಕಳು, ಸೀಟಿ, ಕೂಗು. ಕೊನೆಯ ದಾಳಿ ನಮ್ಮದಾದಾಗ ನಾವು ಒಂದೇ ಅಂಕ ಹಿಂದಿದ್ದೆವು. ಇಬ್ಬರನ್ನು ಮುಟ್ಟಿ ಬಂದರೆ ಕಪ್ಪು ನಮ್ಮದು.

ಶೇವಂತಿ ಗೆರೆಯ ಹತ್ತಿರ ಬಂದಳು. ನಮ್ಮ ಹುಡುಗಿಯರೆಲ್ಲ ಅವಳನ್ನೇ ನೋಡುತ್ತಿದ್ದರು. ಆಗ ಕಂಡಿತು ನನಗೆ, ಆ ಉರಿಬಿಸಿಲಿನಲ್ಲಿ, ಅಷ್ಟು ಆಡಿದ ಮೇಲೂ, ಐವರಲ್ಲಿ ಒಬ್ಬರ ಎದೆಯೂ ಏರಿಳಿಯುತ್ತಿರಲಿಲ್ಲ. ರೋಜಿ ಒಬ್ಬಳೇ ಬೆವರು ಸುರಿಸುತ್ತ ಏದುಸಿರು ಬಿಡುತ್ತಿದ್ದಳು.

"ನೀ ನಿಲ್ಲು. ಈ ಸಲ ನಾ ಹೊಕ್ಕೇನಿ," ಅಂದಳು ರೋಜಿ.

"ರೋಜಿ! ಆಕಿನ್ನ ಹೋಗಾಕ ಬಿಡು!" ಎಂದು ನಾನು ಕೂಗಿದೆ. ಹೌದು, ಕೂಗಿದವನು ನಾನೇ.

ರೋಜಿ ನನ್ನ ಕಡೆ ನೋಡಲೂ ಇಲ್ಲ. ಕಬಡ್ಡಿ ಕಬಡ್ಡಿ ಎನ್ನುತ್ತ ನುಗ್ಗಿದಳು. ಅಂಥ ಆಟವನ್ನು ಅವಳು ಅದಕ್ಕೆ ಮೊದಲು ಆಡಿರಲಿಲ್ಲ. ಎಡಮೂಲೆಯವಳ ಭುಜ ಮುಟ್ಟಿದಳು. ಕಾಲಿಗೆ ಜೋತುಬಿದ್ದ ಮುಂಡಗೋಡದ ನಾಯಕಿಯನ್ನು ಕೊಡವಿಕೊಂಡು, ಬೀಳುತ್ತ ಏಳುತ್ತ ನಡುಗೆರೆಯ ಕಡೆ ಬಂದಳು. ಇಬ್ಬರಾದರು. ಮೈದಾನವೇ ಎದ್ದು ನಿಂತಿತು. ಅವಳಿಗೂ ಗೆರೆಗೂ ಒಂದು ಗೇಣು. ಕೈ ಚಾಚಿದರೆ ಸಾಕಿತ್ತು.

ಅಲ್ಲಿ ಅವಳು ನಿಂತಳು. ನೆಟ್ಟಗೆ ನಿಂತು, ಬಾಯಿ ಅಗಲವಾಗಿ ತೆರೆದು, ಎಲ್ಲರಿಗೂ ಕೇಳುವ ಹಾಗೆ ಉಸಿರು ಎಳೆದುಕೊಂಡಳು. ಬಾವಿಯಿಂದ ಮೇಲೆ ಬಂದವರು ಎಳೆದುಕೊಳ್ಳುವಂಥ ಉಸಿರು.

ಪಂಚರು ಸೀಟಿ ಊದಿದರು. ಔಟು. ನಾವು ಸೋತೆವು.

ಕೂಗೆಲ್ಲ ಆಚೆಯ ಅಂಗಳಕ್ಕೆ ಹೋಯಿತು. ನಮ್ಮ ಕಡೆ ಐದು ಹುಡುಗಿಯರೂ ಒಮ್ಮೆಲೇ ಕೆಮ್ಮತೊಡಗಿದರು. ಹಜರಾಬಿ ಮೊಣಕಾಲೂರಿ ನೀರು ಕಾರಿದಳು, ಮಣ್ಣು ಬಣ್ಣದ ನೀರು. ಮಾಲವ್ವನ ಮೂಗಿನಿಂದಲೂ ಅದೇ ಹರಿಯಿತು. ಬಿಸಿಲಿಗೆ ತಲೆ ತಿರುಗಿದೆಯೆಂದು ಜನ ನಿಂಬೆಹಣ್ಣು ತಂದರು. ಶೇವಂತಿ ರೋಜಿಯ ಎದುರು ಬಂದು ನಿಂತಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಜೊತೆಯವರನ್ನೆಲ್ಲ ಮನೆಯವರು ಕರೆದುಕೊಂಡು ಹೋದ ಮೇಲೆ ಬಯಲಿನಲ್ಲಿ ಉಳಿದ ಹುಡುಗಿಯ ಮುಖ ಅದು.

"ನೀನೂ ಬರುದಿಲ್ವಾ?" ಎಂದು ಕೇಳಿದಳು.

"ಇಲ್ಲವಾ," ಅಂದಳು ರೋಜಿ. ಅಳುತ್ತಿದ್ದಳು. "ನಮ್ಮವ್ವ ಹಾದಿ ನೋಡ್ತಿರ್ತಾಳ."

ಶೇವಂತಿ ತಲೆಯಾಡಿಸಿ ಜನರ ನಡುವೆ ನಡೆದುಹೋದಳು. ಒದ್ದೆ ಹೆಜ್ಜೆಗಳು ಮೈದಾನದ ಅಂಚಿನವರೆಗೆ ಇದ್ದವು, ಅಲ್ಲಿಂದಾಚೆ ಒಂದೂ ಇರಲಿಲ್ಲ.

ಗೆಳತಿಯರು ರೋಜಿಯ ಜೊತೆ ವರ್ಷವಿಡೀ ಮಾತು ಬಿಟ್ಟರು. ಬೇಕೆಂದೇ ಸೋತಳು, ಹೊಸಬಳಿಗೆ ಹೆಸರು ಬಂದೀತೆಂದು ಸೋತಳು ಅನ್ನುತ್ತಿದ್ದರು. ನೀರಿನ ಮಾತು ಅವರ ನೆನಪಿನಿಂದ ಅಳಿದುಹೋಗಿತ್ತು. ಹಜರಾಬಿ ಕೊನೆಗೆ ರಾಜಿಯಾದಳು. ಮಾಲವ್ವ ಆಗಲಿಲ್ಲ. ನಾನಾದರೂ ನಿಜ ಹೇಳಬಹುದಿತ್ತು. ಆ ಕೂಗು ಕೂಗಿದ ಬಾಯಿಂದ ನಿಜ ಹೊರಡಲಿಲ್ಲ. ಮರುವರ್ಷ ಹಳಿಯಾಳಕ್ಕೆ ವರ್ಗ ಮಾಡಿಸಿಕೊಂಡೆ.

ಹೋಗುವ ಮೊದಲು ಒಮ್ಮೆ ರಾಮನಗರಕ್ಕೆ ಹೋಗಿದ್ದೆ. ಸೂಪಾದ ಕಡೆಯಿಂದ ಬಂದವರ ಕೇರಿಯಲ್ಲಿ ವಿಚಾರಿಸಿದೆ. ಒಂದು ಮನೆಯ ಮುಂದೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಹೆಂಗಸು, ಶೇವಂತಿಯ ಹೆಸರು ಹೇಳಿದ ಕೂಡಲೆ ಕೈ ನಿಲ್ಲಿಸಿದಳು. ನಾನು ಯಾರೆಂದು ಅವಳು ಕೇಳಲಿಲ್ಲ. ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟಳು.

"ಊರು ಬಿಡೋ ದಿನ ಎಲ್ಲರೂ ಲಾರಿ ಹತ್ತಿದ್ರು. ಇವಳು ಅಂಗಳಕ್ಕೆ ಗೆರೆ ಹಾಕಿ ಬರ್ತೆ ಅಂತ ಇಳಿದು ಓಡಿದ್ಲು. ಮತ್ತೆ ಸಿಗಲೇ ಇಲ್ಲ," ಅಂದಳು. ಸ್ವಲ್ಪ ಹೊತ್ತು ಮೊರದಲ್ಲಿ ಕಲ್ಲು ಹುಡುಕಿದಳು. ಆಮೇಲೆ ತಲೆಯೆತ್ತದೆ ಕೇಳಿದಳು, "ತಂಡ ಸಿಕ್ತಾ ಅವಳಿಗೆ?"

"ಇಲ್ರಿ," ಅಂದೆ.

"ಪಾಪ," ಅಂದಳು ಅವಳು. "ಒಬ್ಬಳೇ ಎಷ್ಟು ಅಂತ ಆಡ್ತಾಳೆ."

ಬೆಲ್ಲದ ಚೂರು ಬಾಯಲ್ಲಿ ಕರಗಲಿಲ್ಲ. ಅದನ್ನು ಹಾಗೇ ನುಂಗಿ ಎದ್ದು ಬಂದೆ. ಬಸ್ಸು ಗಣೇಶಗುಡಿಯ ಇಳಿಜಾರಿಗೆ ಬಂದಾಗ ಕಿಟಕಿಯ ಪರದೆ ಎಳೆದುಕೊಂಡೆ. ಪಕ್ಕದವನು ಗಾಳಿ ಬೇಕೆಂದು ಅದನ್ನು ಮತ್ತೆ ಸರಿಸಿದ. ನಾನು ಕಣ್ಣು ಮುಚ್ಚಿ ಕುಳಿತೆ.